ಬೀಪಿಗೆ ಮೊದಲಿನ ಉಸಿರು

ಟಿವಿ ಚಾನೆಲ್ಲಿನ ಕಟ್ಟಡದ ಮೂರನೇ ಮಹಡಿಯಲ್ಲಿ, ಲಿಫ್ಟಿನಿಂದ ಇಳಿದು ಎಡಕ್ಕೆ ಹೊರಳಿದರೆ, ನೀರಿನ ಫಿಲ್ಟರಿನ ಪಕ್ಕ ಒಂದು ಕೋಣೆ. ಅದಕ್ಕೆ ಕಿಟಕಿಯಿಲ್ಲ. ಗೋಡೆಗೆಲ್ಲ ಬೂದು ಬಣ್ಣದ ಸ್ಪಂಜು ಅಂಟಿಸಿದ್ದಾರೆ. ಒಳಗಿನ ಮಾತು ಹೊರಗೆ ಹೋಗಬಾರದು, ಹೊರಗಿನದು ಒಳಗೆ ಬರಬಾರದು. ಊರಿನವರು ಸಂಜೆ ಕಾಲು ಚಾಚಿ ಕೂತು ನೋಡುವ ಧಾರಾವಾಹಿ, ಸಿನಿಮಾ, ಹಾಸ್ಯದ ಕಾರ್ಯಕ್ರಮ ಎಲ್ಲವೂ ಮೊದಲು ಈ ಕೋಣೆಗೆ ಬಂದು ಬಾಯಿ ತೊಳೆದುಕೊಂಡು ಹೋಗಬೇಕು. ತೊಳೆಯುವವಳು ಅವಳು. ಬೈಗುಳ ಬಂದ ಕಡೆಯೆಲ್ಲ ಬೀಪ್ ಹಾಕುತ್ತಾಳೆ. ಆರು ವರ್ಷದಿಂದ ಅದೇ ಕೆಲಸ. ಕಚೇರಿಯಲ್ಲಿ ಅವಳಿಗೆ ಬೀಪಮ್ಮ ಎಂದೇ ಹೆಸರು.

ಪಕ್ಕದ ಕುರ್ಚಿ ಚಾಳೀಸಿನದು. ಕನ್ನಡಕಕ್ಕೆ ಸರಪಳಿ ಕಟ್ಟಿ ಕೊರಳಿಗೆ ಹಾಕಿಕೊಂಡ ದಿನವೇ ಯಾರೋ ಆ ಹೆಸರಿಟ್ಟಿದ್ದರು. ಬೀಪಮ್ಮ ಕಿವಿಯಾದರೆ ಚಾಳೀಸು ಕಣ್ಣು. ಮುತ್ತು, ಅಪ್ಪುಗೆ, ಜಾರಿದ ಬಟ್ಟೆ ಅವಳ ಪಾಲು. ಸಂಜೆಯ ಹೊತ್ತು ಮುತ್ತಿಗೆ ಎರಡು ಸೆಕೆಂಡು ಅವಕಾಶ. ಆಮೇಲೆ ಮೋಡವನ್ನೋ ಮೇಣದ ಬತ್ತಿಯನ್ನೋ ತೋರಿಸಬೇಕು.

"ಬೆಳಗ್ಗೆಯಿಂದ ನಾಲ್ಕು ಕೊಲೆ ಪಾಸ್ ಮಾಡ್ದೆ ಕಣೇ," ಎಂದು ಅವಳು ಕನ್ನಡಕ ಒರೆಸುತ್ತ ಹೇಳುವಳು. "ಒಂದ್ರಲ್ಲಿ ಕರುಳು ಈಚೆಗೆ ಬಂದಿತ್ತು. ಯಾರೂ ಉಸಿರೆತ್ತಲ್ಲ. ಇಲ್ನೋಡು, ಕಟ್ಟಿಕೊಂಡ ಗಂಡ ಹೆಂಡ್ತಿ, ಜಗಳ ಆಡಿ ನಲವತ್ತು ಕಂತು ಆದ್ಮೇಲೆ ಒಂದಾಗ್ತಾ ಇದಾರೆ. ಪಾಪ, ಮೂರನೇ ಸೆಕೆಂಡಿಗೆ ನಾನು ಹೋಗಿ ಬಿಡಿಸ್ಬೇಕು."

ವೀಕ್ಷಕರ ದೂರುಗಳನ್ನು ಬರೆದ ಚೀಟಿಗಳು ಸ್ಪಂಜಿನ ಗೋಡೆಗೆ ಗುಂಡುಸೂಜಿಯಲ್ಲಿ ಚುಚ್ಚಿಕೊಂಡಿದ್ದವು. ಒಂದೇ ಕಂತಿನ ಬಗ್ಗೆ ಎರಡು ಚೀಟಿ. 'ನಮ್ಮನೇಲಿ ವಯಸ್ಸಿಗೆ ಬಂದ ಮಗಳಿದಾಳೆ, ನಿಮಗೇನು ಅಕ್ಕತಂಗೀರಿಲ್ವಾ?' ಎಂದು ಒಬ್ಬರು. 'ನಿಮ್ಮ ಬೀಪು ಕೇಳಿದ್ರೆ ಮನೆಯೊಳಗೆ ಲಾರಿ ರಿವರ್ಸ್ ಬಂದ ಹಾಗಾಗತ್ತೆ, ನಾವೇನು ಎಳೇ ಮಕ್ಕಳಾ?' ಎಂದು ಇನ್ನೊಬ್ಬರು. ಇಬ್ಬರೂ ಕೊನೆಯವರೆಗೆ ನೋಡಿದ್ದಾರೆ ಅನ್ನುವುದಷ್ಟೇ ಚಾಳೀಸಿನ ತೀರ್ಪು.

ಬೀಪು ಹಾಕುವುದೂ ಒಂದು ಕಸುಬೇ. ಮಾತು ಶುರುವಾಗುವಲ್ಲಿಗೆ ಸರಿಯಾಗಿ ಹಾಕಬೇಕು, ಮುಗಿದಲ್ಲಿ ತೆಗೆಯಬೇಕು. ಕೂದಲೆಳೆಯಷ್ಟು ಹೆಚ್ಚಾದರೂ ಮುಂದಿನ ಒಳ್ಳೆಯ ಮಾತಿನ ಕಾಲು ತುಂಡಾಗುತ್ತದೆ. ಆದರೆ ಬೈಯುವ ಮೊದಲು ಮನುಷ್ಯರು ಒಂದು ಉಸಿರು ಎಳೆದುಕೊಳ್ಳುತ್ತಾರಲ್ಲ, ಅದನ್ನು ಮುಟ್ಟುವ ಹಾಗಿಲ್ಲ. ಉಸಿರನ್ನು ಅಶ್ಲೀಲ ಅಂತ ಯಾರೂ ಹೇಳಿಲ್ಲ. ಹಾಗಾಗಿ ಬೀಪಮ್ಮ ಹಾಕಿದ ಪ್ರತಿ ಬೀಪಿಗೂ ಮೊದಲು ಒಂದು ಉಸಿರು ಉಳಿದಿರುತ್ತಿತ್ತು, ಬಾಗಿಲ ತನಕ ಬಂದು ನಿಂತ ನೆಂಟರ ಹಾಗೆ.

ಇನ್ನೊಂದು ನಿಯಮವಿತ್ತು. ಹಿಂದೊಮ್ಮೆ, ಸಾಧ್ವಿ ಸೊಸೆಯ ಪಾತ್ರ ಮಾಡುವ ನಟಿ ಕ್ಯಾಮೆರಾದವನನ್ನು ಬೈದ ಧ್ವನಿ ಈ ಕೋಣೆಯಿಂದಲೇ ಯಾರದೋ ಫೋನಿಗೆ ಹಾರಿ, ಊರೆಲ್ಲ ಸುತ್ತಿ ಬಂದಿತ್ತು. ಅಂದಿನಿಂದ, ತೊಳೆದ ಪ್ರತಿ ಸಿದ್ಧವಾದ ತಕ್ಷಣ ಬೀಪು ಹಾಕದ ಹಸಿ ಪ್ರತಿಯನ್ನು ಅಳಿಸಬೇಕು; ಮತ್ತೆ ಸಿಗದ ಹಾಗೆ ಅಳಿಸಬೇಕು. ಎರಡು ಕೀಲಿ ಒತ್ತಿದರೆ ಮುಗಿಯಿತು. ಆರು ವರ್ಷದಲ್ಲಿ ಅವಳ ಬೆರಳುಗಳು ಅವಳನ್ನು ಕೇಳದೆಯೇ ಆ ಕೆಲಸ ಮಾಡುವಷ್ಟು ಪಳಗಿದ್ದವು.

ಮನೆಗೆ ಬಂದರೆ ಅಲ್ಲಿ ಅಜ್ಜಿಯಿದ್ದಳು. ಅಮ್ಮನ ಅಮ್ಮ. ಟಿವಿಯ ಮುಂದಿನ ಬೆತ್ತದ ಕುರ್ಚಿ ಅವಳ ಸಿಂಹಾಸನ.

ಅಜ್ಜಿಗೆ ಇಪ್ಪತ್ತೆರಡಕ್ಕೇ ಗಂಡ ಹೋಗಿದ್ದ. ಕಂಕುಳಲ್ಲಿ ಒಂದು ಹೆಣ್ಣುಕೂಸು. ಇಸ್ತ್ರಿ ಅಂಗಡಿ ಇಟ್ಟು, ಕೆಂಡ ತುಂಬಿದ ಪೆಟ್ಟಿಗೆ ಎಳೆದೆಳೆದು ಬಲಗೈಯನ್ನು ಗಂಡಸಿನ ಕೈ ಮಾಡಿಕೊಂಡವಳು. ಬೀದಿಯವರು ಅವಳನ್ನು ಮುಂಡೆ ಎಂದು ಕರೆದರು, ಗಂಡ ಸತ್ತವಳ ಮುಖಕ್ಕೆ ಎಸೆಯುವ ಮಾತು ಅದು. "ಎಸೆದ್ರಲ್ಲ, ಹಿಡ್ಕೊಂಡೆ," ಎನ್ನುತ್ತಿದ್ದಳು ಅಜ್ಜಿ. "ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಇಟ್ಕೊಂಡೆ. ಈಗ ಅದು ನನ್ನ ಬಟ್ಟೆ. ನಂಗೆ ಇಷ್ಟ ಆದೋರಿಗೆ ಮಾತ್ರ ತೊಡಿಸ್ತೀನಿ." ತೊಡಿಸಿದ್ದು ಮೊಮ್ಮಗಳಿಗೆ. "ಏ ಮುಂಡೆ, ಬಾರೇ ಇಲ್ಲಿ, ಕತೆ ಹೇಳ್ತೀನಿ" ಅಂದರೆ ಜಗತ್ತಿನಲ್ಲಿ ಎಲ್ಲಿದ್ದರೂ ಓಡಿ ಬರಬೇಕು ಅನ್ನಿಸುತ್ತಿತ್ತು. ಆ ದನಿಯಲ್ಲಿ ಬಿಸಿ ಬಟ್ಟೆಯ ವಾಸನೆಯಿತ್ತು.

ಅಮ್ಮ ಆ ಮಾತು ಕೇಳಿದಾಗಲೆಲ್ಲ ಮುಖ ತಿರುಗಿಸುತ್ತಿದ್ದಳು. ಅಮ್ಮ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿ ನಿವೃತ್ತಿಯಾದವಳು; ರಿಮೋಟನ್ನು ಡಸ್ಟರಿನ ಹಾಗೆ ಹಿಡಿಯುತ್ತಿದ್ದಳು. ತೆರೆಯ ಮೇಲೆ ಇಬ್ಬರು ಒಂದು ಅಡಿ ಹತ್ತಿರ ಬಂದರೆ ಚಾನೆಲ್ ಬದಲಾಗುತ್ತಿತ್ತು. ಅಷ್ಟರಲ್ಲಿ ಅಪ್ಪ ಗಂಟಲು ಸರಿಮಾಡಿಕೊಂಡು, "ಗ್ಯಾಸ್ ಬುಕ್ ಮಾಡಿದ್ಯಾ?" ಎಂದು ಕೇಳುತ್ತಿದ್ದರು. ಮುತ್ತು ಬಂತೆಂದರೆ ಅಪ್ಪನಿಗೆ ಗ್ಯಾಸ್ ನೆನಪಾಗುತ್ತಿತ್ತು.

"ಅಳಿಯಂದಿರೇ, ಸಿಲಿಂಡರ್ ಎಲ್ಲೂ ಓಡಿಹೋಗಲ್ಲ," ಅಜ್ಜಿ ಕುರ್ಚಿಯಿಂದಲೇ ಹೇಳುವಳು. "ಆ ಹುಡುಗ ಎಷ್ಟೊತ್ತಿಂದ ಧೈರ್ಯ ಮಾಡ್ತಾ ಇದಾನೆ, ಕೊಟ್ಟು ಮುಗಿಸ್ಲಿ ಇರಿ."

"ಅಮ್ಮಾ, ಮರ್ಯಾದೆ ಅಂತ ಒಂದಿರತ್ತೆ."

"ಇರ್ಲಿ ಬಿಡಮ್ಮಾ. ಅದಕ್ಕೂ ಒಂದು ಕುರ್ಚಿ ಹಾಕು, ಕೂತ್ಕೊಂಡು ನೋಡ್ಲಿ."

ಅಜ್ಜಿ ಅಮ್ಮನನ್ನು ಯಾವಾಗಲೂ 'ಏನಮ್ಮಾ', 'ಬಾಮ್ಮಾ' ಎಂದು ಬಹಳ ಮೆತ್ತಗೆ ಮಾತಾಡಿಸುತ್ತಿದ್ದಳು. ಹೆತ್ತ ಮಗಳ ಮೇಲೆ ಎಷ್ಟು ಗೌರವ ಎಂದು ಮೊಮ್ಮಗಳು ಅಂದುಕೊಂಡಿದ್ದಳು.

ಅಜ್ಜಿ ಕಾಯಿಲೆ ಬಿದ್ದ ಕೊನೆಯ ವಾರ, ಒಂದು ಮಧ್ಯಾಹ್ನ, ಹಾಸಿಗೆಯ ಅಂಚಿಗೆ ಮೈಕ್ ಇಟ್ಟು ಮೊಮ್ಮಗಳು ಅವಳ ಬಾಯಲ್ಲಿ ಕತೆ ಹೇಳಿಸಿದಳು. ಅದಕ್ಕೆ ಮೊದಲು ಯಾರೂ ಅಜ್ಜಿಯ ದನಿಯನ್ನು ಹಿಡಿದಿಟ್ಟಿರಲಿಲ್ಲ; ಅದು ಮನೆಯ ನಲ್ಲಿಯ ಹಾಗೆ, ಯಾವಾಗ ತಿರುಗಿಸಿದರೂ ಬರುವಂಥದ್ದು ಎಂದು ಎಲ್ಲರಿಗೂ ಭಾವನೆ.

ಒಂದೂರಲ್ಲಿ ಒಬ್ಬ ರಾಜನಂತೆ. ಅವನ ಕಿವಿ ಬಹಳ ನಾಜೂಕು, ಕೆಟ್ಟ ಮಾತು ಬಿದ್ದರೆ ಕಿವಿಯೊಳಗೆ ಗುಳ್ಳೆ ಏಳುತ್ತಿತ್ತಂತೆ. ಸರಿ, ಊರಿನ ಕೆಟ್ಟ ಮಾತುಗಳನ್ನೆಲ್ಲ ಕೋಟೆಯಿಂದ ಆಚೆ ಹಾಕಿಸಿದ. ಚಳಿಯಲ್ಲಿ ನಡುಗುತ್ತ ಕೂತಿದ್ದ ಮಾತುಗಳನ್ನು ಇಸ್ತ್ರಿ ಮಾಡುವ ಮುದುಕಿಯೊಬ್ಬಳು ಬಾಯೊಳಗೆ ಕರೆದು ಜಾಗ ಕೊಟ್ಟಳು. ಆದರೆ ರಾಜ ದುಡುಕಿನಲ್ಲಿ ಮಂಚದ ಮೇಲೆ ಆಡುವ ಮಾತುಗಳನ್ನೂ ಓಡಿಸಿಬಿಟ್ಟಿದ್ದ. ಪಾಪ, ರಾಜ ಈ ತುದಿಗೆ ರಾಣಿ ಆ ತುದಿಗೆ ಕೂತು, 'ತಮ್ಮದು ಊಟ ಆಯಿತೇ?' 'ಆಯಿತು, ತಮ್ಮದು?' ಎನ್ನುತ್ತ ಏಳು ವರ್ಷ ಕಳೆದರು. ಕೊನೆಗೆ ರಾಣಿ ಮುಸುಕು ಹಾಕಿಕೊಂಡು ಮುದುಕಿಯ ಹತ್ತಿರ ಬಂದು, 'ಒಂದೇ ಒಂದು ಮಾತು ಕಡ ಕೊಡಜ್ಜಿ, ನಾಳೆ ವಾಪಸ್ ತರ್ತೀನಿ' ಅಂದಳು. ತರಲಿಲ್ಲ. ಅವಳಿ ಮಕ್ಕಳಾದವು. ಇಲ್ಲಿ ಅಜ್ಜಿ ಕೆಮ್ಮುವ ತನಕ ನಕ್ಕಳು. ಆಮೇಲೆ ಮುದುಕಿ ಸಾಯುವ ದಿನ ಬಂತು. ಮಾತುಗಳೆಲ್ಲ ಮಂಚದ ಸುತ್ತ ಕೂತು, ಇನ್ನು ನಮಗೆ ಯಾರ ಬಾಯಿ ಗತಿ ಎಂದು ಅತ್ತವು.

"ಅವು ಈಗ್ಲೂ ಅಲ್ಲೇ ಇದಾವೆ," ಅಂದಳು ಅಜ್ಜಿ. "ಉಸಿರು ಎಳ್ಕೊಂಡು ಕಾಯ್ತಾ ಇದಾವೆ, ಯಾರಾದ್ರೂ ಕರೀಲಿ ಅಂತ. ಏ ಮುಂಡೆ, ಕತೆ ಮುಗೀತು. ಏಳು, ಕಿಟಕಿ ತೆಗಿ."

ನಾಲ್ಕು ದಿನಕ್ಕೆ ಅಜ್ಜಿ ಹೋದಳು.

ಮೂರು ತಿಂಗಳ ಮೇಲೆ ಒಂದು ಭಾನುವಾರ ನೆಂಟರಿಷ್ಟರೆಲ್ಲ ಸೇರಿ ಅಜ್ಜಿಯನ್ನು ನೆನೆಯುವುದೆಂದು ಗೊತ್ತಾಯಿತು. ಆ ಕತೆಯನ್ನು ಎಲ್ಲರಿಗೂ ಕೇಳಿಸೋಣ ಅಂದರು ಅಪ್ಪ. ಅಮ್ಮ ತಟ್ಟೆ ಒರೆಸುತ್ತಿದ್ದವಳು ತಿರುಗದೆಯೇ ಹೇಳಿದಳು: "ಸ್ವಲ್ಪ ಕ್ಲೀನ್ ಮಾಡಿ ಕೊಡೇ. ಮಕ್ಕಳು ಮರಿ ಇರ್ತಾರೆ. ಕೊನೇಲಿ ನಿನ್ನ ಕರೀತಾಳಲ್ಲ, ಅದನ್ನೂ."

ಕಚೇರಿಯ ಯಂತ್ರ ಚೆನ್ನಾಗಿತ್ತು. ಊಟದ ಹೊತ್ತಿನಲ್ಲಿ ಕೂತು ತೊಳೆದಳು. ಮೂವತ್ತೊಂದು ಬೀಪು, ಕೊನೆಯದು ಅವಳ ಹೆಸರು. ಒಳ್ಳೆಯ ಕೆಲಸ, ಯಾವ ಮಾತಿನ ಕಾಲೂ ತುಂಡಾಗಿರಲಿಲ್ಲ.

ಭಾನುವಾರ ಜನ ನಕ್ಕರು, ಅತ್ತರು. ಬೀಪು ಬಂದಾಗಲೆಲ್ಲ ದೊಡ್ಡಪ್ಪನ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ಉರುಳಾಡಿದರು, ಪ್ರತಿಯೊಬ್ಬರೂ ತಮತಮಗೆ ಗೊತ್ತಿದ್ದ ಅತಿ ಕೆಟ್ಟ ಮಾತನ್ನು ಅಲ್ಲಿ ತುಂಬಿಕೊಂಡು. ಸೋಮವಾರ ಅವಳು ಕಚೇರಿಯಲ್ಲಿ ಹಸಿ ಪ್ರತಿಯನ್ನು ಒಬ್ಬಳೇ ಕೇಳೋಣ ಎಂದು ಹುಡುಕಿದಳು. ಇರಲಿಲ್ಲ. ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಇರಲಿಲ್ಲ. ಯಂತ್ರಕ್ಕೆ ಚುಚ್ಚಿದ್ದ ಮೈಕಿನ ಮೆಮೊರಿ ಕಾರ್ಡಿನಲ್ಲೂ ಇರಲಿಲ್ಲ. ತನ್ನ ಎರಡು ಬೆರಳುಗಳನ್ನು ನೋಡಿಕೊಂಡಳು. ಅವು ತಮ್ಮ ಪಾಡಿಗೆ ತಮ್ಮ ಕೆಲಸ ಮುಗಿಸಿದ್ದವು.

"ಯಾಕೆ ಹಂಗ್ ಕೂತಿದೀಯ?" ಚಾಳೀಸು ಕೇಳಿದಳು.

"ನನ್ನನ್ನ ಕರೆಯೋ ದನಿ ಹೋಯ್ತು," ಅಂದಳು. ಮಾತು ಗೊತ್ತಿತ್ತು, ಮಾತು ಯಾರ ಬಾಯಲ್ಲಾದರೂ ಸಿಗುತ್ತದೆ. ಅವಳಿಗೆ ಬೇಕಾಗಿದ್ದದ್ದು ಆ ಬಾಯಿ. ಒಂದೇ ಒಂದು ಸಲ.

ಅಂದಿನಿಂದ ಶುರುವಾಯಿತು.

ಮೊದಲನೆಯದು ಒಂದು ಪೊಲೀಸ್ ಧಾರಾವಾಹಿಯಲ್ಲಿ. ದಪ್ಪ ಮೀಸೆಯ ನಟ ಮೇಜು ಗುದ್ದಿ ಬೈಯುತ್ತಾನೆ. ಅವಳು ಬೀಪ್ ಎಳೆದು ತಂದು ಆ ಮಾತಿನ ಮೇಲೆ ಇಟ್ಟಳು. ಮತ್ತೆ ಹಾಕಿ ಕೇಳಿದಳು. ಹೆಡ್‌ಫೋನಿನಲ್ಲಿ ಬೀಪಿಗೆ ಮೊದಲು ಬಂದದ್ದು ಗಂಡಸಿನ ಉಸಿರಲ್ಲ. ತೆಳ್ಳಗೆ, ಹಲ್ಲಿಲ್ಲದ ಬಾಯಿಯ ಸಂದಿಯಿಂದ ಒಳಗೆ ಹೋಗುವ ಗಾಳಿ. ಕೊನೆಯಲ್ಲಿ ಸಣ್ಣದೊಂದು ಸಿಳ್ಳು. ಕತೆಯ ನಡುವೆ, ಇನ್ನೇನು ಹೇಳಬಾರದ್ದನ್ನು ಹೇಳುತ್ತೇನೆ ಎನ್ನುವಾಗ ಅಜ್ಜಿ ಎಳೆದುಕೊಳ್ಳುತ್ತಿದ್ದ ಉಸಿರು.

"ಇದನ್ನ ಸ್ವಲ್ಪ ಕೇಳಿ," ಎಂದು ಚಾಳೀಸಿನ ಕಿವಿಗೆ ಹೆಡ್‌ಫೋನ್ ಇಟ್ಟಳು.

ಚಾಳೀಸು ಕಣ್ಣು ಮುಚ್ಚಿ ಕೇಳಿದಳು. "ಬೀಪ್ ಸರಿಯಾಗಿದೆಯಲ್ಲೇ."

"ಅದಕ್ಕೆ ಮುಂಚೆ?"

"ಮುಂಚೆ ಏನಿದೆ? ಮೀಸೆ ಇದೆ." ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದಳು: "ಎರಡು ದಿನ ರಜ ಹಾಕು. ದಿನಾ ಎಂಟು ಗಂಟೆ ಬೈಸಿಕೊಂಡ್ರೆ ಯಾರಿಗೇ ಆಗ್ಲಿ ತಲೆ ಕೆಡತ್ತೆ."

ರಜ ಹಾಕಲಿಲ್ಲ. ಬದಲಿಗೆ ಹೆಚ್ಚು ಹೆಚ್ಚು ಬೀಪ್ ಹಾಕತೊಡಗಿದಳು. 'ದರಿದ್ರ' ಎಂದರೆ ಬೀಪ್, 'ಕತ್ತೆ' ಎಂದರೆ ಬೀಪ್. ಒಂದೊಂದಕ್ಕೂ ಮುಂಚೆ ಆ ಉಸಿರು ಬಂದು ನಿಲ್ಲುತ್ತಿತ್ತು, ಹೊಸ್ತಿಲ ಆಚೆ. ಒಳಗೆ ಮಾತ್ರ ಬರುತ್ತಿರಲಿಲ್ಲ. ಗೋಡೆಯ ಮೇಲೆ ಚೀಟಿಗಳು ಹೆಚ್ಚಾದವು. 'ಕತ್ತೆಗೆ ಕತ್ತೆ ಅನ್ನಬಾರದು ಅಂದ್ರೆ ಇನ್ನೇನು ಸಾರ್ ಅನ್ನಬೇಕಾ?' ಎಂದು ಯಾರೋ ಕೇಳಿದ್ದರು.

ಮನೆಯಲ್ಲಿ ಟಿವಿ ನೋಡುವಾಗಲೂ ಅಷ್ಟೇ. ಅವಳೇ ಹಾಕಿದ ಬೀಪು ಟಿವಿಯಲ್ಲಿ ಬರುವ ಮುನ್ನ, ಬೆತ್ತದ ಕುರ್ಚಿಯ ಕಡೆಯಿಂದ ಉಸಿರು ಎಳೆದ ಸದ್ದು. ಒಂದು ಸಂಜೆ ಅವಳು ತಟ್ಟನೆ ಅತ್ತ ತಿರುಗಿದಳು. ಅದೇ ಗಳಿಗೆಯಲ್ಲಿ ಅಮ್ಮನೂ ತಿರುಗಿದ್ದಳು. ಇಬ್ಬರ ಕಣ್ಣೂ ಖಾಲಿ ಕುರ್ಚಿಯ ಮೇಲೆ ಒಂದನ್ನೊಂದು ತಾಕಿ ಬೇರೆಯಾದವು.

"ಗ್ಯಾಸ್ ಬುಕ್ ಮಾಡಿದ್ಯಾ?" ಅಂದರು ಅಪ್ಪ, ಏನನ್ನೂ ಅರಿಯದೆ.

ಅಮ್ಮ ಬದಲಾಗಿದ್ದಾಳೆ ಎಂದು ಆಗ ಅವಳ ಗಮನಕ್ಕೆ ಬಂತು. ರಿಮೋಟ್ ಕೈಯಲ್ಲೇ ಇರುತ್ತಿತ್ತು, ಚಾನೆಲ್ ಬದಲಾಗುತ್ತಿರಲಿಲ್ಲ. ತೆರೆಯ ಮೇಲೆ ಗಂಡು ಹೆಣ್ಣು ಎಷ್ಟು ಹತ್ತಿರ ಬಂದರೂ ಅಮ್ಮ ಅತ್ತ ನೋಡದೆ ಏನನ್ನೋ ಆಲಿಸುತ್ತ ಕೂತಿರುತ್ತಿದ್ದಳು.

ಒಂದು ಮಂಗಳವಾರ ಕಚೇರಿಯಲ್ಲಿ ಏಸಿ ಕೆಟ್ಟು, ಕಿಟಕಿಯಿಲ್ಲದ ಕೋಣೆ ಒಲೆಯಾಯಿತು. ಮಧ್ಯಾಹ್ನ ಎರಡಕ್ಕೇ ಮನೆಗೆ ಕಳಿಸಿದರು. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು: ಬೀಪ್. ಬೀಪ್. ಜನ ಬಿದ್ದು ಬಿದ್ದು ನಗುವ ಸದ್ದು. ಮತ್ತೆ ಬೀಪ್. ಬಾಗಿಲು ತೆರೆದರೆ, ಅಪ್ಪ ಇಲ್ಲ; ಅಮ್ಮ ಒಬ್ಬಳೇ. ಟಿವಿಯಲ್ಲಿ ಆ ಹಾಸ್ಯದ ಕಾರ್ಯಕ್ರಮ. ಅಷ್ಟು ಹೊಲಸು ಬೇರೊಂದಿಲ್ಲವೆಂದು ಅಮ್ಮನೇ ಹೆಸರಿಟ್ಟಿದ್ದು, ಬೀಪಮ್ಮ ಒಂದು ಕಂತಿಗೆ ನೂರಿಪ್ಪತ್ತು ಬೀಪು ಹಾಕುವಂಥದ್ದು. ಅಮ್ಮ ನೆಲದ ಮೇಲೆ ಕೂತಿದ್ದಳು, ಬೆತ್ತದ ಕುರ್ಚಿಯ ಕಾಲಿಗೆ ಒರಗಿ, ಮುಖವನ್ನು ಮೇಲಕ್ಕೆ, ಖಾಲಿ ಕುರ್ಚಿಯ ಕಡೆಗೆ ಎತ್ತಿಕೊಂಡು. ತಲೆ ಬಾಚಿಸಿಕೊಳ್ಳಲು ಕೂತ ಹುಡುಗಿಯ ಹಾಗೆ.

"ಅಮ್ಮಾ."

ಅಮ್ಮ ಬೆಚ್ಚಲಿಲ್ಲ. ಬೆರಳೆತ್ತಿ ಸುಮ್ಮನಿರು ಎಂದಳು. ಬೀಪ್ ಬಂತು. ಅದಕ್ಕೆ ಮೊದಲು, ಇಬ್ಬರಿಗೂ, ಉಸಿರು.

"ನಿಂಗೂ ಕೇಳಿಸತ್ತಲ್ವಾ," ಅಂದಳು ಅಮ್ಮ. "ನೀನು ಹಾಕಿದ ಬೀಪಿಗೆ ಮಾತ್ರ ಬರ್ತಾಳೆ. ಬೇರೆ ಚಾನೆಲ್ ಎಲ್ಲಾ ಹಾಕಿ ನೋಡ್ದೆ. ಬರಲ್ಲ."

"ಎಷ್ಟು ದಿನದಿಂದ?"

"ಆ ಭಾನುವಾರದಿಂದ. ಬರ್ತಾಳೆ, ಉಸಿರು ಎಳ್ಕೋತಾಳೆ. ಅಷ್ಟೇ. ಕರೆಯೋದೇ ಇಲ್ಲ."

"ನನ್ನನ್ನ ಕರೆಯೋಕೆ ಬರ್ತಾ ಇದಾಳೆ ಅಮ್ಮ."

ಅಮ್ಮ ಟಿವಿ ಆರಿಸಿದಳು. ಕೋಣೆ ಒಮ್ಮೆಗೇ ದೊಡ್ಡದಾಯಿತು.

"ಅದು ಮೊದಲು ನನ್ನ ಹೆಸರು ಕಣೇ," ಅಂದಳು. "ನೀನು ಹುಟ್ಟೋ ಮುಂಚೆ. ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ಏ ಮುಂಡೆ ಅಂತ ಕರೆಯೋಳು, ನಾನು ಬೀದಿ ತುದಿಯಿಂದ ಓಡಿ ಬರೋಳು. ನಿಮ್ಮಪ್ಪನ ಕಡೆಯೋರು ನನ್ನ ನೋಡೋಕೆ ಬಂದ ದಿನ, ಅವರ ಎದುರಿಗೇ, ಏ ಮುಂಡೆ, ನೀರು ತಾರೇ ಅಂದ್ಲು. ಎಲ್ಲರ ಮುಖ ಬಿಳಿಚಿಕೊಳ್ತು. ಮದುವೆ ಆಗೋ ಹುಡುಗಿಗೆ ಆ ಮಾತು! ಹೆಂಗೋ ಸಂಭಾಳಿಸಿದ್ವಿ. ಅವರು ಹೋದ್ಮೇಲೆ ನಾನು ಕೂಗಾಡ್ದೆ. ಇನ್ನೊಂದು ಸಲ ಆ ಬಾಯಿಂದ ಆ ಮಾತಲ್ಲಿ ನನ್ನ ಕರೆದ್ರೆ ನೀನು ನನ್ನ ತಾಯಿನೇ ಅಲ್ಲ ಅಂದೆ. ಅವಳು ಆಯ್ತಮ್ಮಾ ಅಂದ್ಲು."

"ಆಮೇಲೆ?"

"ಆಮೇಲೇನು? ಮೂವತ್ತೆರಡು ವರ್ಷ 'ಏನಮ್ಮಾ', 'ಬಾಮ್ಮಾ'. ಬಾಡಿಗೆ ಮನೆ ಓನರಮ್ಮನನ್ನ ಮಾತಾಡಿಸೋ ಹಾಗೆ. ನಾನು ಇನ್ನೊಂದ್ಸಲ ಕರಿ ಅಂತ ಕೇಳ್ಲಿಲ್ಲ, ಅವಳು ಕರೀಲಿಲ್ಲ. ಆಮೇಲೆ ನೀನು ಹುಟ್ಟಿದೆ. ನನ್ನ ಕಣ್ಣೆದುರಿಗೇ ನಿಂಗೆ ತೊಡಿಸಿದ್ಲು." ಅಮ್ಮ ಕುರ್ಚಿಯ ಬೆತ್ತದ ಒಂದು ಎಳೆಯನ್ನು ಕೀಳುತ್ತಿದ್ದಳು. "ಮಕ್ಕಳು ಮರಿ ಇರ್ತಾರೆ ಅಂದಿದ್ದು ಸುಳ್ಳು. ಅದು ನಿನ್ನ ಹೆಸರಾಗಿ ಕೇಳೋಕೆ ನಂಗೆ ಆಗ್ತಿರ್ಲಿಲ್ಲ. ಈಗ ಸಾಕು. ಬೀಪ್ ಇಲ್ಲದ್ದು ಇದೆಯಲ್ಲ, ಅದನ್ನ ಹಾಕು. ನಿನ್ನನ್ನ ಕರೆದ್ರೂ ಪರವಾಗಿಲ್ಲ."

ಅವಳು ಅಮ್ಮನ ಪಕ್ಕ ನೆಲಕ್ಕೆ ಕೂತಳು. "ಇಲ್ಲ ಅಮ್ಮ. ಅಳಿಸಿಬಿಟ್ಟೆ. ಆಫೀಸಲ್ಲಿ ಅಳಿಸೋ ಹಾಗೆ. ಬೆರಳು ತಾನಾಗೇ ಹೋಯ್ತು."

ಅಮ್ಮ ಕಿತ್ತ ಬೆತ್ತದ ಎಳೆಯನ್ನು ಬೆರಳಿಗೆ ಸುತ್ತಿಕೊಂಡಳು. ಕೆಳಗೆ ಬೀದಿಯಲ್ಲಿ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಉಸ್, ಉಸ್.

"ನಾನೊಂದು ಸಲ, ನೀನೊಂದು ಸಲ," ಅಂದಳು ಅಮ್ಮ. "ಇಬ್ಬರೂ ಸೇರಿ ಅವಳ ಬಾಯಿ ಮುಚ್ಚಿದ್ವಿ. ಇನ್ನು ಅವಳಾದ್ರೂ ಹೆಂಗೆ ಕರೀತಾಳೆ?"

ಆ ಮಾತು ಕಿವಿಗೆ ಬಿದ್ದಾಗ ಬೀಪಮ್ಮನಿಗೆ ಏನೋ ಹೊಳೆಯಿತು. ಆರು ವರ್ಷದಲ್ಲಿ ಸಾವಿರಾರು ಬೀಪು ಹಾಕಿದ್ದಳು. ಹಾಕಿದ್ದನ್ನು ಒಮ್ಮೆಯೂ ತೆಗೆದಿರಲಿಲ್ಲ. ತೆಗೆದರೆ ಕೆಳಗೆ ಏನೂ ಇರುವುದಿಲ್ಲ ಎಂದು ಗೊತ್ತು. ಮಾತು ಕತ್ತರಿಸಿದ ಜಾಗ, ಬರೀ ಒಂದು ಮೌನ. ಆದರೂ ಹೊಸ್ತಿಲಲ್ಲಿ ನಿಂತವರಿಗೆ ಬಾಗಿಲಾದರೂ ತೆರೆದಂತಾಗುತ್ತದೆ.

ಲ್ಯಾಪ್‌ಟಾಪ್ ತಂದು ಬೆತ್ತದ ಕುರ್ಚಿಯ ಮೇಲಿಟ್ಟಳು. ತೊಳೆದ ಪ್ರತಿಯನ್ನು ತೆರೆದಳು. ಮೂವತ್ತೊಂದನೇ ಬೀಪನ್ನು ಹಿಡಿದು, ಮೆಲ್ಲಗೆ ಎತ್ತಿ ತೆಗೆದಳು. ಅಲ್ಲಿ ತೆರೆಯ ಮೇಲೆ ಒಂದು ಚಪ್ಪಟೆ ಗೆರೆ ಉಳಿಯಿತು, ಉಗುರಿನಷ್ಟು ಉದ್ದ.

"ಕಣ್ಣು ಮುಚ್ಕೋ," ಅಂದಳು ಅಮ್ಮ, ಯಾಕೋ. ಇಬ್ಬರೂ ಮುಚ್ಚಿಕೊಂಡರು. ಅವಳು ತಡವರಿಸಿ ಗುಂಡಿ ಒತ್ತಿದಳು.

'ಅವು ಈಗ್ಲೂ ಅಲ್ಲೇ ಇದಾವೆ. ಉಸಿರು ಎಳ್ಕೊಂಡು ಕಾಯ್ತಾ ಇದಾವೆ, ಯಾರಾದ್ರೂ ಕರೀಲಿ ಅಂತ.'

ಉಸಿರು. ಸಣ್ಣ ಸಿಳ್ಳು.

"ಏ ಮುಂಡೆ."

'ಕತೆ ಮುಗೀತು. ಏಳು, ಕಿಟಕಿ ತೆಗಿ.'

ಕೆಂಡದ ಪೆಟ್ಟಿಗೆ ಹಸಿ ಬಟ್ಟೆಯ ಮೇಲೆ ಓಡಿದಾಗ ಏಳುವ ವಾಸನೆ ಕೋಣೆಯಲ್ಲಿ ಒಂದು ಗಳಿಗೆ ಇತ್ತು. ಕಣ್ಣು ತೆರೆದಾಗ ಇಬ್ಬರೂ ಎದ್ದು ನಿಂತಿದ್ದರು, ಕರೆದ ಕೂಡಲೇ ಓಡಿ ಬರುವವರ ಹಾಗೆ, ಒಬ್ಬರ ಕೈ ಇನ್ನೊಬ್ಬರ ತೋಳಿಗೆ ತಾಕುವಷ್ಟು ಹತ್ತಿರ. ಅಮ್ಮನ ತುಟಿಗಳು ತುಸು ತೆರೆದಿದ್ದವು. ಈ ವಯಸ್ಸಿಗೆ ಅಮ್ಮನ ದನಿ ಥೇಟ್ ಅಜ್ಜಿಯದೇ ಎಂದು ಫೋನಿನಲ್ಲಿ ಎಷ್ಟೋ ಜನ ಮೋಸಹೋಗಿದ್ದುಂಟು.

"ನೀನು ಅಂದ್ಯಾ?" ಕೇಳಿದಳು ಅವಳು.

"ನಾನಲ್ಲ," ಅಂದಳು ಅಮ್ಮ. "ನೀನಲ್ವಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೊಮ್ಮೆ ಹಾಕಿ ನೋಡಬಹುದಿತ್ತು. ಇಬ್ಬರಲ್ಲಿ ಯಾರೂ ಗುಂಡಿಯತ್ತ ಕೈ ಚಾಚಲಿಲ್ಲ.

"ಯಾರನ್ನ ಕರೆದ್ಲು?" ಅಂದಳು ಅಮ್ಮ, ಬೀದಿ ತುದಿಯಲ್ಲಿ ಆಡುವ ಹುಡುಗಿಯ ಸಣ್ಣ ದನಿಯಲ್ಲಿ.

ಕಿಟಕಿಗೆ ಇದ್ದದ್ದು ಒಂದೇ ಚಿಲಕ. ಬಹಳ ದಿನದಿಂದ ತೆಗೆಯದೆ ಬಿಗಿದುಕೊಂಡಿತ್ತು. ತೆಗೆಯಲು ಇಬ್ಬರ ಕೈಯೂ ಬೇಕಾಯಿತು.